ಒಂದು ಸ್ಟಡ್ಡಿನ ಹೊಣೆ

ಕಾರಿನ ಚಕ್ರವನ್ನು ಬಿಗಿದಿಡುವ ನಾಲ್ಕು ಸ್ಟಡ್ಡುಗಳಲ್ಲಿ ಒಂದು ಮುರಿದರೂ ‘ಇನ್ನೂ ಮೂರಿವೆಯಲ್ಲ’ ಎಂದು ತಿಂಗಳುಗಟ್ಟಲೆ ಓಡಾಡುವವರು ನಮ್ಮ ನಡುವೆ ಕಡಿಮೆಯಿಲ್ಲ. ಆದರೆ ಸ್ಟಡ್ಡು ಇರುವುದು ಚಕ್ರವನ್ನು ತೂಗುಹಾಕಲು ಅಲ್ಲ, ಹಬ್‌ಗೆ ಅದನ್ನು ಅದುಮಿ ಹಿಡಿಯಲು. ಒಂದು ಹೋದರೆ ಆ ಹಿಡಿತದ ಕಾಲು ಭಾಗ ಹೋದಂತೆ. ಉಳಿದವು ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗಿ, ದಣಿದು, ಒಂದೊಂದಾಗಿ ತುಂಡಾಗಬಹುದು. ಖಂಡಾಲದ ಘಾಟಿ ಇಳಿಯುವವರು ಈ ಲೆಕ್ಕವನ್ನು ಮರೆಯಲಾಗದು.

ಸ್ಟಡ್ಡನ್ನು ಕೆಡಿಸುವುದು ರಸ್ತೆಯ ಗುಂಡಿಗಿಂತ ಪಂಕ್ಚರ್ ಅಂಗಡಿಯ ಏರ್ ಗನ್ನೇ ಎಂಬುದು ನಮ್ಮ ಅಭಿಮತ. ನಟ್ಟನ್ನು ಮೊದಲು ಬೆರಳಿನಿಂದ ನಾಲ್ಕು ಸುತ್ತು ತಿರುಗಿಸುವ ತಾಳ್ಮೆ ಯಾರಿಗೂ ಇಲ್ಲ. ವಾರೆಯಾಗಿ ಕೂತ ನಟ್ಟನ್ನು ಗನ್ ಬಲವಂತದಿಂದ ಒಳನುಗ್ಗಿಸುತ್ತದೆ, ಥ್ರೆಡ್ ಹರಿಯುತ್ತದೆ. (ಈ ಥ್ರೆಡ್ಡಿಗೆ ಮರಾಠಿ ಮೇಸ್ತ್ರಿ ‘ಆಟೇ’ ಎನ್ನುತ್ತಾನೆ, ಚೆನ್ನೈಯವನು ‘ಮರೈ’, ದೆಹಲಿಯವನು ‘ಚೂಡಿ’, ಅಂದರೆ ಬಳೆ. ಹೊರನಾಡಿನ ನಮ್ಮ ಬಾಯಲ್ಲಿ ಮಾತ್ರ ಇಂಗ್ಲಿಷೇ ಉಳಿದಿದೆ.)

ಹೊಸ ಸ್ಟಡ್ಡು ಹಾಕುವುದು ಮನೆಯಂಗಳದಲ್ಲೇ ಆಗುವ ಕೆಲಸ. ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಬೇಕು. ಉಳಿದ ಚಕ್ರಗಳಿಗೆ ಅಡೆ ಕೊಟ್ಟು, ಕಾರನ್ನು ಜಾಕಿನ ಮೇಲಲ್ಲ, ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಹಿಂದಿನ ಚಕ್ರವಾದರೆ ಡ್ರಮ್ ಕಳಚಲು ಹ್ಯಾಂಡ್‌ಬ್ರೇಕ್ ಬಿಡಬೇಕಾಗುವುದರಿಂದ ಅಡೆಯೇ ಆಧಾರ. ಮುಂದಿನದಾದರೆ ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಕಟ್ಟಬೇಕು. ಬ್ರೇಕಿನ ಹೋಸ್‌ಗೆ ಅದರ ಭಾರ ಬೀಳಕೂಡದು. ಬಳಿಕ ಹಬ್ ತಿರುಗಿಸಿ ಹಿಂಬದಿ ಜಾಗವಿರುವ ಕಡೆಗೆ ಮುರಿದ ಸ್ಟಡ್ಡನ್ನು ತಂದು ಹೊರದೂಡಬೇಕು. ಸುತ್ತಿಗೆಯ ಏಟು ಬೇರಿಂಗ್‌ಗೂ ತಗಲುತ್ತದೆಂಬ ಎಚ್ಚರವಿರಲಿ. ಹೊಸದನ್ನಂತೂ ಹೊಡೆದು ಕೂರಿಸಲೇಬಾರದು. ಅದರ ಬುಡದ ಹಲ್ಲುಗಳನ್ನು ರಂಧ್ರದ ಗೆರೆಗಳಿಗೆ ಹೊಂದಿಸಿ, ಮುಂದಿನಿಂದ ವಾಷರ್‌ಗಳನ್ನು ಪೇರಿಸಿ, ಹಳೆಯ ನಟ್ಟನ್ನು ತಿರುವುಮುರುವಾಗಿ ಹಾಕಿ ತಿರುಗಿಸಿದರೆ ಸ್ಟಡ್ಡು ತಾನಾಗಿ ಒಳಗೆಳೆದುಕೊಂಡು ಕೂರುತ್ತದೆ. ಆ ನಟ್ಟನ್ನು ಮತ್ತೆ ಬಳಸುವಂತಿಲ್ಲ. ಕೊಳ್ಳುವಾಗ ಅಳತೆಯನ್ನೂ ನೋಡಬೇಕು: 12 ಮಿ.ಮೀ. ದಪ್ಪದ ಸ್ಟಡ್ಡುಗಳಲ್ಲೇ 1.25 ಮತ್ತು 1.5 ಮಿ.ಮೀ. ಅಂತರದ ಎರಡು ಬಗೆಯ ಥ್ರೆಡ್ಡುಗಳಿವೆ, ಒಂದರ ನಟ್ಟು ಇನ್ನೊಂದಕ್ಕೆ ಒಗ್ಗದು.

‘ಇದೆಲ್ಲ ನಮ್ಮಂಥವರ ಕೆಲಸವೇ?’ ಎಂಬ ಆಕ್ಷೇಪದಲ್ಲಿ ಅರ್ಧ ಸೋಮಾರಿತನ, ಇನ್ನರ್ಧ ಕೈಗೆ ಗ್ರೀಸ್ ಅಂಟಿದವರ ಬಗೆಗಿನ ಹಳೆಯ ಉಪೇಕ್ಷೆ ಎಂದು ನಾವು ಭಾವಿಸುತ್ತೇವೆ. ಹಿಂಬದಿ ಜಾಗವಿಲ್ಲದೆ ಹಬ್ಬನ್ನೇ ಕಳಚಬೇಕಾದ ಕಾರುಗಳಿವೆ. ಅಲ್ಲಿ ಬೇರಿಂಗ್ ಪ್ರೆಸ್ ಬೇಕು, ಗ್ಯಾರೇಜಿಗೆ ಹೋಗುವುದೇ ವಿವೇಕ. ಹಲವು ಯುರೋಪಿಯನ್ ಕಾರುಗಳಲ್ಲಂತೂ ಸ್ಟಡ್ಡೇ ಇಲ್ಲ, ಬೋಲ್ಟುಗಳಿರುತ್ತವೆ.

ಬಿಗಿತದ ಪ್ರಮಾಣ ಕಾರಿನ ಕೈಪಿಡಿಯಲ್ಲಿದೆ, ಸಾಮಾನ್ಯ ಕಾರುಗಳಿಗೆ 100 ನ್ಯೂಟನ್ ಮೀಟರಿನ ಆಸುಪಾಸು. ಥ್ರೆಡ್ಡಿಗೆ ಎಣ್ಣೆ ಹಚ್ಚದೆ, ಎದುರುಬದುರಿನ ಕ್ರಮದಲ್ಲಿ ಟಾರ್ಕ್ ರೆಂಚಿನಿಂದ ಬಿಗಿದು, ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು. ಪಂಕ್ಚರ್ ಅಂಗಡಿಯಲ್ಲೂ ‘ಕೊನೆಯ ಬಿಗಿತ ಕೈಯಿಂದಲೇ ಆಗಲಿ’ ಎಂದು ಕೇಳಲು ನಾವು ಸಂಕೋಚಪಡುತ್ತೇವೆ. ಹಿಂದೆ ನಾಲ್ಕು ಕಾರುಗಳು ಹಾರ್ನ್ ಹೊಡೆಯುತ್ತಿದ್ದರೂ ಕೇಳಲೇಬೇಕು.