ಶಿಲುಬೆಯ ಉಪದೇಶವೂ ನಮ್ಮ ಹುಡುಗಿಯರೂ

ಪ್ರತಿ ವರ್ಷವೂ ಶುಭ ಶುಕ್ರವಾರದಂದು ನಮ್ಮ ದೇವಾಲಯಗಳಲ್ಲಿ ಕ್ರಿಸ್ತನ ಬಾಧೆಗಳನ್ನು ಕುರಿತು ಪ್ರಸಂಗಗಳಾಗುತ್ತವೆ. ಆಗಬೇಕಾದುದೇ, ಶಿಲುಬೆಯನ್ನು ಬಿಟ್ಟ ಸುವಾರ್ತೆಯು ಸುವಾರ್ತೆಯೇ ಅಲ್ಲ. ಆದರೆ ಪ್ರಸಂಗದ ಕೊನೆಗೆ, ಆತನಂತೆ ನೀವೂ ಸಹಿಸಿಕೊಳ್ಳಿರಿ ಎಂಬ ಮಾತು ಬಂದಾಗ ಬೋಧಕರ ದೃಷ್ಟಿಯು ಹೆಚ್ಚಾಗಿ ಸ್ತ್ರೀಯರು ಕುಳಿತ ಕಡೆಗೇ ತಿರುಗುವುದೇಕೆಂದು ನಾವು ಬಹುಕಾಲದಿಂದ ಯೋಚಿಸಿದ್ದೇವೆ. ಕುಡುಕ ಗಂಡನ ಹೊಡೆತವೂ, ಅತ್ತೆಯ ಬೈಗಳೂ, ಓದು ಬಿಡಿಸಿ ಮನೆಗೆಲಸಕ್ಕೆ ಹಚ್ಚಿದ ತಂದೆಯ ಆಜ್ಞೆಯೂ ‘ನಿನ್ನ ಶಿಲುಬೆ’ ಎಂಬ ಒಂದೇ ಹೆಸರನ್ನು ಪಡೆಯುತ್ತವೆ. ಇದು ಸರಿಯಾದ ಉಪದೇಶವಲ್ಲವೆಂದೇ ನಮ್ಮ ಅಭಿಪ್ರಾಯ.

18 ವರ್ಷ ನಡು ಬಗ್ಗಿದ್ದ ಸ್ತ್ರೀಯ ವೃತ್ತಾಂತವನ್ನು ಲೂಕನು ತನ್ನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಕರ್ತನು ಆಕೆಗೆ ತಾಳ್ಮೆಯನ್ನು ಬೋಧಿಸಲಿಲ್ಲ. ಸಬ್ಬತ್ ದಿನವೆಂಬುದನ್ನೂ ಎಣಿಸದೆ ಹತ್ತಿರ ಕರೆದು ನೆಟ್ಟಗೆ ನಿಲ್ಲಿಸಿದನು. ಮತ್ತೊಂದು ದಿನ ಬರಬಾರದಾಗಿತ್ತೇ ಎಂದು ಸಿಟ್ಟಾದವನು ಸಭಾಮಂದಿರದ ಅಧ್ಯಕ್ಷನು. ಇಂಥ ಅಧ್ಯಕ್ಷರು ಎಲ್ಲ ಕಾಲಗಳಲ್ಲಿಯೂ ಇರುತ್ತಾರೆ. ಕರ್ತನು ತಾನು ಸಹ ಬಾಧೆಯನ್ನು ಬಾಧೆಗೋಸ್ಕರ ಅಪೇಕ್ಷಿಸಿದವನಲ್ಲ. ಸಾಧ್ಯವಾದರೆ ಅದು ತೊಲಗಲೆಂದು ಗೆತ್ಸೇಮನೆಯಲ್ಲಿ ಪ್ರಾರ್ಥಿಸಿದನು. ಆ ಮೇಲೆ ತನ್ನ ಪ್ರಾಣವನ್ನು ಒಪ್ಪಿಸಿದ್ದು ತನ್ನ ಸ್ವಂತ ಮನಸ್ಸಿನಿಂದ, ಅನ್ಯರ ರಕ್ಷಣೆಗಾಗಿ. ಬಲವಂತದಿಂದ ಕಿತ್ತುಕೊಂಡದ್ದಕ್ಕೆ ತ್ಯಾಗವೆಂಬ ಹೆಸರು ಸಲ್ಲದು.

1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರನ್ನು ಇಲ್ಲಿ ಸ್ಮರಿಸಬೇಕು. ಕ್ಷಾಮದ ದಿನಗಳಲ್ಲಿ ತಂದೆತಾಯಿಗಳನ್ನೂ, 1882ರಲ್ಲಿ ಪತಿಯನ್ನೂ ಕಳೆದುಕೊಂಡ ಆ ತಾಯಿಗೆ ಕಷ್ಟವೆಂದರೇನೆಂಬುದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ. 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತದ ಊರುಗಳಲ್ಲಿ ಸಂಚರಿಸಿ, ವಿಧವೆಯರನ್ನೂ ಅನಾಥ ಬಾಲಿಕೆಯರನ್ನೂ ಕೂಡಿಸಿ ಕರೆತಂದರು. ನಿಮ್ಮ ಹಸಿವೇ ನಿಮ್ಮ ಶಿಲುಬೆ ಎಂದು ಅವರಿಗೆ ಉಪದೇಶಿಸಿ ಹಿಂದಿರುಗಲಿಲ್ಲ. ಕೇಡಗಾವಿಯ ಮುಕ್ತಿಯಲ್ಲಿ ಅನ್ನವಿಕ್ಕಿ, ಅಕ್ಷರ ಕಲಿಸಿ, ನೇಯ್ಗೆ, ಮುದ್ರಣ ಮೊದಲಾದ ಕಸುಬುಗಳಲ್ಲಿ ಕೈ ಪಳಗಿಸಿದರು. ಶ್ರಮವನ್ನು ತಮ್ಮ ಮೇಲೆ ತೆಗೆದುಕೊಂಡರು. ಆ ಮಕ್ಕಳ ಮೇಲಿನಿಂದ ಇಳಿಸಿದರು.

ಹೀಗೆ ಬೋಧಿಸಿದರೆ ಹುಡುಗಿಯರು ಸ್ವಾರ್ಥಿಗಳಾಗುವರೆಂದು ಕೆಲವು ಹಿರಿಯರು ಅಂಜುತ್ತಾರೆ. ನಮ್ಮ ಶಾಲೆಯಲ್ಲಿ ಓದಿದವರು ದಾದಿಯರಾಗಿ, ಉಪಾಧ್ಯಾಯಿನಿಯರಾಗಿ ದೂರದ ಹಳ್ಳಿಗಳಿಗೆ ಹೋಗಿದ್ದಾರೆ. ಅವರನ್ನು ಯಾರೂ ಅಟ್ಟಲಿಲ್ಲ. ತಲೆಯೆತ್ತಿ ನಿಲ್ಲಲು ಕಲಿತವಳೇ ಮತ್ತೊಬ್ಬರ ಹೊರೆಗೆ ಹೆಗಲು ಕೊಡುವುದನ್ನು ನಾವು ಕಂಡಿದ್ದೇವೆ.

ನಮ್ಮ ಬೋಧಕರಲ್ಲಿ ಒಂದು ವಿಜ್ಞಾಪನೆಯುಂಟು. ಬರುವ ಶುಭ ಶುಕ್ರವಾರ ತ್ಯಾಗವನ್ನು ಕುರಿತು ಪ್ರಸಂಗಿಸುವಾಗ, ದಯವಿಟ್ಟು ಮೊದಲು ಪುರುಷರು ಕುಳಿತ ಕಡೆಗೆ ನೋಡಿ ಪ್ರಾರಂಭಿಸಬೇಕು.