ಗೃಹವಿತ್ತ: ರೋಗ ನಿಲ್ಲದು, ಲಾಭ ನಿಲ್ಲಬಹುದು

ವಾಚಕ ಸೋದರಿಯೊಬ್ಬರು ಬರೆದ ಕಾಗದವೇ ಈ ತಿಂಗಳ ಲೇಖನಕ್ಕೆ ಕಾರಣವಾಗಿದೆ. ಅವರ ಯಜಮಾನರ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಇರಿಸಬೇಕಾಗಿ ಬಂದು, ಉಳಿತಾಯದ ಬಹುಭಾಗವು ಆಸ್ಪತ್ರೆಯ ಬಿಲ್ಲಿಗೇ ಕರಗಿಹೋಯಿತಂತೆ. "ನಮ್ಮ ಕೈಬಿಟ್ಟ ಹಣವು ಯಾರದೋ ಕೈ ಸೇರಿರಬೇಕಷ್ಟೆ. ರೋಗವು ಲೋಕವನ್ನು ಬಿಟ್ಟು ಹೋಗುವುದಿಲ್ಲ. ಹೀಗಿರುವಲ್ಲಿ ಉಳಿದಿರುವ ನಾಲ್ಕು ಲಕ್ಷವನ್ನು ಆರೋಗ್ಯರಂಗದ ಫಂಡಿನಲ್ಲಿ ತೊಡಗಿಸಿದರೆ ಸಾಮಾನ್ಯ ಸೂಚ್ಯಂಕದ ಫಂಡಿಗಿಂತ ಹೆಚ್ಚು ಬಾರದೆ?" ಎಂಬುದು ಅವರ ಪ್ರಶ್ನೆ. ಆ ಹಣವು ಇನ್ನು ಮೂರು ವರ್ಷಕ್ಕೆ ಮಗಳ ಕಾಲೇಜಿಗೆ ಬೇಕಾದುದೆಂಬುದನ್ನು ಕಾಗದದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿದ್ದಾರೆ. ನಾನು ಮೊದಲು ಓದಬೇಕಾಗಿದ್ದುದು ಆ ಸಾಲನ್ನೇ.

ನಿಫ್ಟಿ 50 ಎಂಬ ಸೂಚ್ಯಂಕದ ಫಂಡು ನಾನಾ ವ್ಯವಹಾರಗಳ ಐವತ್ತು ದೊಡ್ಡ ಕಂಪೆನಿಗಳ ಷೇರನ್ನು ಹಂಚಿ ಕೊಳ್ಳತಕ್ಕದ್ದು. ಆರೋಗ್ಯರಂಗದ ಫಂಡಾದರೋ ತನ್ನ ಹಣದಲ್ಲಿ ಶೇಕಡ 80ಕ್ಕೆ ಕಡಿಮೆಯಿಲ್ಲದಷ್ಟನ್ನು ಔಷಧ, ಆಸ್ಪತ್ರೆ ಮುಂತಾದ ಆ ಒಂದೇ ರಂಗದಲ್ಲಿ ಇರಿಸಬೇಕೆಂಬುದು ಸೆಬಿಯ ನಿಯಮ. ಅಂಥ ಫಂಡು ಸೂಚ್ಯಂಕವನ್ನು ಮೀರಲಾರದೆಂದು ಹೇಳುವುದಕ್ಕಾಗದು. ಅಮೆರಿಕದ ವ್ಯಾನ್‌ಗಾರ್ಡ್ ಸಂಸ್ಥೆಯು 1984ರಲ್ಲಿ ಆರಂಭಿಸಿದ ಆರೋಗ್ಯ ಫಂಡು ಎಡ್ವರ್ಡ್ ಓವೆನ್ಸ್ ಎಂಬ ಒಬ್ಬರೇ ವ್ಯವಸ್ಥಾಪಕರ ಕೈಯಲ್ಲಿ 2012ರ ವರೆಗೆ ವರ್ಷಕ್ಕೆ ಸರಾಸರಿ ಶೇಕಡ 16ರಷ್ಟು ಬೆಳೆಯಿತು. ಅಲ್ಲಿಯ ಪೇಟೆಯ ಒಟ್ಟು ಬೆಳವಣಿಗೆ ಸುಮಾರು 11. ಆದರೆ ಅದೇ ದೇಶದಲ್ಲಿ 2023 ಮತ್ತು 2024ರಲ್ಲಿ ಪೇಟೆಯು ವರ್ಷಕ್ಕೆ ಶೇಕಡ 25ರಷ್ಟು ಏರಿದಾಗ ಆರೋಗ್ಯರಂಗಕ್ಕೆ ದೊರೆತುದು ಎರಡು ಮೂರರಷ್ಟು ಮಾತ್ರ.

ರೋಗಿಗಳು ಕಡಿಮೆಯಾಗದೆ ಲಾಭ ಹೇಗೆ ಕಡಿಮೆಯಾಯಿತೆಂದು ಸೋದರಿಯವರು ಕೇಳಬಹುದು. ಉತ್ತರವು ಅವರ ಯಜಮಾನರ ಎದೆಯಲ್ಲಿಯೇ ಇದೆ! ಒಂದು ಕಾಲಕ್ಕೆ ಲಕ್ಷ ರೂಪಾಯಿಗೂ ಮೀರಿ ಮಾರಾಟವಾಗುತ್ತಿದ್ದ ಔಷಧಲೇಪಿತ ಸ್ಟೆಂಟಿಗೆ 2017ರ ಫೆಬ್ರವರಿಯಲ್ಲಿ ಸರಕಾರವು 29,600 ರೂಪಾಯಿಯ ಮಿತಿಯನ್ನು ವಿಧಿಸಿತು. ರೋಗಿಯ ಮನೆಯವರಿಗೆ ಅದು ಎಷ್ಟು ಸಮಾಧಾನವೋ, ತಯಾರಕರ ಷೇರು ಹಿಡಿದವರಿಗೆ ಅಷ್ಟೇ ಸಂಕಟ. ನಮ್ಮ ಔಷಧದ ಕಂಪೆನಿಗಳಿಗೆ ಇನ್ನೂ ದೊಡ್ಡ ಪೆಟ್ಟು ಬಿದ್ದುದು ಹೊರದೇಶದಿಂದ. ಪೇಟೆಂಟಿನ ಅವಧಿ ಮುಗಿದ ಔಷಧಗಳನ್ನು ಅಗ್ಗವಾಗಿ ತಯಾರಿಸಿ ಅಮೆರಿಕಕ್ಕೆ ಕಳುಹಿಸುವುದು ಅವುಗಳ ಮುಖ್ಯ ವ್ಯಾಪಾರ. ಅಲ್ಲಿಯ ಸಗಟು ಖರೀದಿದಾರರು ಒಂದುಗೂಡಿ ಬೆಲೆಯನ್ನು ಇಳಿಸಿದರು; ಅಲ್ಲಿಯ ಔಷಧ ನಿಯಂತ್ರಣಾಧಿಕಾರಿಗಳು ನಮ್ಮ ಕಾರಖಾನೆಗಳನ್ನು ತಪಾಸಣೆಮಾಡಿ ಹಲವಕ್ಕೆ ಎಚ್ಚರಿಕೆಯ ಪತ್ರವನ್ನು ಕೊಟ್ಟರು.

ಇದರ ಫಲವನ್ನು ಅಂಕಿಗಳಲ್ಲಿ ನೋಡೋಣ. ಆಸ್ಪತ್ರೆಗಳು ಇದರಲ್ಲಿ ಸೇರದಿದ್ದರೂ ಹಳೆಯ ಲೆಕ್ಕ ದೊರೆಯುವ ಅಳತೆಗೋಲೆಂದು ನಿಫ್ಟಿ ಫಾರ್ಮಾ ಸೂಚ್ಯಂಕವನ್ನೇ ಹಿಡಿಯುತ್ತೇನೆ. ಲಾಭಾಂಶವನ್ನು ಲೆಕ್ಕಕ್ಕೆ ಸೇರಿಸಿಲ್ಲ. 2016ರಿಂದ 2019ರ ವರೆಗೆ ನಾಲ್ಕು ವರ್ಷಗಳೂ ಅದು ಇಳಿಯುತ್ತಲೇ ಹೋಯಿತು. ಆ ನಾಲ್ಕು ವರ್ಷಗಳೂ ನಿಫ್ಟಿ 50 ಏರಿತು. 2015ರ ಕೊನೆಯಲ್ಲಿ ಇಟ್ಟ ನೂರು ರೂಪಾಯಿ 2019ರ ಕೊನೆಗೆ ಅಲ್ಲಿ ಸುಮಾರು 67, ಇಲ್ಲಿ ಸುಮಾರು 153. ಕೊರೊನಾ ಬಂದ 2020ರಲ್ಲಿ ಔಷಧದ ಸೂಚ್ಯಂಕವು ಒಂದೇ ವರ್ಷಕ್ಕೆ ಶೇಕಡ 60ರಷ್ಟು ನೆಗೆಯಿತು. ಪತ್ರಿಕೆಗಳಲ್ಲೆಲ್ಲ ಅದೇ ಮಾತು. ಆ ನೆಗೆತವನ್ನು ಕಂಡು 2021ರ ಕೊನೆಯಲ್ಲಿ ಸೇರಿದವರು ಮರುವರ್ಷವೇ ಶೇಕಡ 11ರಷ್ಟನ್ನು ಕಳೆದುಕೊಂಡರು.

ಇನ್ನೊಂದು ವಿಚಿತ್ರವುಂಟು. 2015ರ ಕೊನೆಯಿಂದ 2024ರ ಕೊನೆಯ ವರೆಗೆ ನೂರು ರೂಪಾಯಿ ಔಷಧದಲ್ಲಿ ಸುಮಾರು 195 ಆಯಿತು, ನಿಫ್ಟಿಯಲ್ಲಿ ಸುಮಾರು 300. ಆರಂಭವನ್ನು 2019ರ ಕೊನೆಗೆ ಸರಿಸಿ ನೋಡಿರಿ: ಔಷಧದಲ್ಲಿ ಸುಮಾರು 290, ನಿಫ್ಟಿಯಲ್ಲಿ ಸುಮಾರು 195! ಜಾಹೀರಾತು ಬರೆಯುವವನು ಯಾವ ತಾರೀಖಿನಿಂದ ಎಣಿಸುವನೆಂದು ಬೇರೆ ಹೇಳಬೇಕೆ?

ಸೋದರಿಯವರ ನಾಲ್ಕು ಲಕ್ಷವು 2015ರ ಕೊನೆಯಲ್ಲಿ ಆ ಸೂಚ್ಯಂಕದ ಮೇಲೆ ನಿಂತಿದ್ದರೆ, ಮೂರು ವರ್ಷ ಕಳೆದು ಮಗಳು ಶುಲ್ಕ ಕಟ್ಟಲು ಹೋಗುವ ದಿನ ಸುಮಾರು ಮೂರು ಲಕ್ಷವಾಗಿರುತ್ತಿತ್ತು. ಕಾಲೇಜಿನವರು ಮಾರುಕಟ್ಟೆ ಚೇತರಿಸುವ ವರೆಗೆ ಕಾಯುವರೆ? ಆದುದರಿಂದ ಆ ಹಣವು ಆರೋಗ್ಯ ಫಂಡಿಗೂ ಬೇಡ, ಸೂಚ್ಯಂಕದ ಫಂಡಿಗೂ ಬೇಡ. ಬ್ಯಾಂಕಿನಲ್ಲಾಗಲಿ ಅಂಚೆ ಕಚೇರಿಯಲ್ಲಾಗಲಿ ಮೂರು ವರ್ಷದ ಠೇವಣಿಯಾಗಿ ಇರಲಿ.

ಇನ್ನು ಮುಂದೆ ತಿಂಗಳ ಸಂಬಳದಲ್ಲಿ ಮಿಗಿಸಿ, ಹತ್ತು ವರ್ಷ ಮುಟ್ಟದೆ ಬಿಡಬಲ್ಲ ಹಣವಿದ್ದರೆ ಅದರ ಮಾತು ಬೇರೆ. ಅದನ್ನು ಖರ್ಚು ಕಡಿಮೆಯಿರುವ ಸೂಚ್ಯಂಕದ ಫಂಡಿನಲ್ಲಿ ತೊಡಗಿಸಬಹುದು. ಸನ್ ಫಾರ್ಮಾ, ಸಿಪ್ಲಾಗಳಂಥ ಕಂಪೆನಿಗಳ ಪಾಲು ಅದರಲ್ಲಿಯೂ ಬಂದೇ ಬರುವುದು. ಇಷ್ಟಾದರೂ ಔಷಧದ ಮೇಲೆ ಮನಸ್ಸು ನಿಂತಿದ್ದರೆ ಹತ್ತರಲ್ಲಿ ಒಂದು ಪಾಲನ್ನು ಅಲ್ಲಿಡಲಿ. ನಾಲ್ಕು ವರ್ಷ ಇಳಿದರೂ ಮಾರಿಬಿಡದಿರುವ ಧೈರ್ಯವಿದ್ದರೆ ಮಾತ್ರ. ಯಜಮಾನರು ಈಗ ಬೆಳಗಿನ ಹೊತ್ತು ಅರ್ಧ ಗಂಟೆ ನಡೆಯುತ್ತಾರೆಂದು ಬರೆದಿದ್ದಾರೆ, ಓದಿ ಸಂತೋಷವಾಯಿತು.