ಪೆನ್‌ಡ್ರೈವ್ ಸತ್ತಿರಲಿಲ್ಲ, ಬಾಗಿಲು ಹಾಕಿತ್ತು

1/6

ಆಫೀಸ್ ಕಂಪ್ಯೂಟರ್‌ಗೆ ಪೆನ್‌ಡ್ರೈವ್ ಹಾಕ್ತೀರಿ. ಸದ್ದಿಲ್ಲ, ಸುದ್ದಿಯಿಲ್ಲ. ಆಗ ನೀವು ಏನ್ ಮಾಡ್ತೀರಿ ಹೇಳಿ? ತೆಗೆದು, ಉಫ್ ಅಂತ ಊದಿ, ತಿರುಗಿಸಿ ಮತ್ತೆ ಹಾಕ್ತೀರಿ. ಆಮೇಲೆ "ಹೋಯ್ತು ಮಾರಾಯ್ರೇ, ಸತ್ತೋಯ್ತು" ಅಂತೀರಿ.

ನಾನೂ ಹಾಗೇ ಅಂದೆ. ಆ ಒಂದು ಮಾತಿಗೆ ನಮ್ಮಜ್ಜಿಯ ಏಳು ಕಥೆ ಕಳಕೊಂಡೆ.

ಈ ಸಲದ ಸರಣಿ ಅದರ ಬಗ್ಗೆ. ಫೋಟೋದಲ್ಲಿ ಇರೋದು ಹುಲಿಕಲ್ ಘಾಟಿಯ ಮಂಜು, ಜುಲೈ ತಿಂಗಳದ್ದು. ರಸ್ತೆ ಕಾಣ್ತಿಲ್ಲ ಅಂತ ರಸ್ತೆ ಇಲ್ಲ ಅಂತಲ್ಲ. ಪೆನ್‌ಡ್ರೈವ್ ವಿಷಯದಲ್ಲೂ ನಾನು ಹೇಳಬೇಕಾಗಿರೋದು ಇಷ್ಟೇ, ಆದರೆ ಸ್ವಲ್ಪ ಉದ್ದ ಇದೆ. ಕೂತು ಓದಿ.

2/6

ಹುಲಿಕಲ್ ಗೊತ್ತಿಲ್ಲದವರಿಗೆ: ಹೊಸನಗರ ತಾಲ್ಲೂಕಿನ ತುದಿ. ಕೆಳಗಿಳಿದರೆ ಹೊಸಂಗಡಿ, ಸಿದ್ದಾಪುರ, ಕುಂದಾಪುರದ ದಾರಿ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ನಮ್ಮದೂ ಒಂದು. ಘಾಟಿಯ ಕೆಳಗೆ ವಾರಾಹಿ ಭೂಗರ್ಭ ವಿದ್ಯುದಾಗಾರ ಇದೆ, 460 ಮೆಗಾವಾಟ್. ಮೇಲೆ ನಮ್ಮನೆಯಲ್ಲಿ ಮರ ಬಿದ್ದು ಲೈನ್ ಹರಿದರೆ ಮೂರು ದಿನ ಕರೆಂಟ್ ಇಲ್ಲ. ಕರೆಂಟ್ ಇಲ್ಲ ಅಂದ್ರೆ ಟವರ್ ಇಲ್ಲ, ಟವರ್ ಇಲ್ಲ ಅಂದ್ರೆ ನೆಟ್ ಇಲ್ಲ.

"ಕ್ಲೌಡ್‌ಗೆ ಹಾಕ್ಬಿಡಿ" ಅಂತ ಊರವರಿಗೆ ಹೇಳೋದು ಸುಲಭ. ನಮ್ಮಲ್ಲಿ ಮೋಡಕ್ಕೇನೂ ಬರ ಇಲ್ಲ, ಅದಕ್ಕೆ ಹತ್ತೋ ಏಣಿ ಇಲ್ಲ. ಹಾಗಾಗಿ ಮಲೆನಾಡಲ್ಲಿ ಪೆನ್‌ಡ್ರೈವ್ ಅಂದ್ರೆ ಹಳೇ ಕಾಲದ ಸಾಮಾನಲ್ಲ, ಅದು ಜೇಬಲ್ಲಿಟ್ಕೊಂಡು ಬಸ್ ಹತ್ತೋ ಅಂಚೆ.

ಅಜ್ಜಿ ತೀರಿಕೊಳ್ಳೋ ಮುಂಚೆ ಎರಡು ಬೇಸಿಗೆ ಅವರ ಮಾತು ರೆಕಾರ್ಡ್ ಮಾಡಿದ್ದೆ. ಮಾಣಿ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದ ಜಾಗದ ಗದ್ದೆ, ಹಳ್ಳ, ಬನ, ಒಂದೊಂದರ ಹೆಸರು, ಯಾರ ಮನೆ ಎಲ್ಲಿತ್ತು ಅನ್ನೋದು. ಒಟ್ಟು 38 ರೆಕಾರ್ಡಿಂಗ್. ಫೋನ್ ಮಳೆಗೆ ನೆನೆದು ಹಾಳಾಗೋ ಮುಂಚೆ ಪೆನ್‌ಡ್ರೈವ್‌ಗೆ ಹಾಕಿದ್ದು ಪುಣ್ಯ. ಬೇರೆ ಕಾಪಿ ಮಾಡದೆ ಇದ್ದದ್ದು ನನ್ನ ತಪ್ಪು, ಅದನ್ನ ಯಾರ ಮೇಲೂ ಹಾಕಲ್ಲ.

ಒಂದು ಭಾನುವಾರ ಊರಲ್ಲೇ ಕೂತು ಆಫೀಸ್ ರಿಪೋರ್ಟ್ ಮುಗಿಸಿ ಅದೇ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಬಂದೆ. ಎರಡನೇ ತಪ್ಪು. ಮನೆದು ಮತ್ತು ಕೆಲಸದ್ದು ಒಂದೇ ಚೀಲದಲ್ಲಿ.

3/6

ಸೋಮವಾರ ಬೆಳಿಗ್ಗೆ ಆಫೀಸ್. ಹಾಕಿದೆ. ಪೆನ್‌ಡ್ರೈವ್ ದೀಪ ಹತ್ತಿತು, ಪರದೆ ಮೇಲೆ ಏನೂ ಬರಲಿಲ್ಲ. ಎರರ್ ಇಲ್ಲ, ಸೂಚನೆ ಇಲ್ಲ. ಪಕ್ಕದವರನ್ನ ಕೇಳಿದೆ, "ನಿಮ್ದು ಹಾಳಾಗಿರ್ಬೇಕು" ಅಂದ್ರು. ಊಟದ ಹೊತ್ತಲ್ಲಿ ಹತ್ತಿರದ ಒಂದು ಅಂಗಡಿಗೆ ಹೋದೆ. ಅಲ್ಲಿ ಹಾಕಿದ ಕೂಡಲೇ "ಫಾರ್ಮ್ಯಾಟ್ ಮಾಡಬೇಕು" ಅಂತ ಬಂತು. ನಾನು ಬಾಯಿ ತೆರೆಯೋ ಮೊದಲೇ ಹುಡುಗ ಒತ್ತಿದ. ಸರಿ ಆಯ್ತಾ ನೋಡಕ್ಕೆ ಅಂತ ಒಂದು ಸಿನಿಮಾ ಕಾಪಿ ಮಾಡಿದ. "ನೋಡಿ ಸಾರ್, ಈಗ ಹೊಸದರ ಹಾಗೆ" ಅಂದ.

ಹೊಸದರ ಹಾಗೇ ಇತ್ತು. ಖಾಲಿ.

ವಾರ ಕಳೆದ ಮೇಲೆ ಆಫೀಸಿನ ಸಿಸ್ಟಮ್ ನೋಡಿಕೊಳ್ಳೋರು ಸಿಕ್ಕಿದಾಗ ತಿಳೀತು: ಹಿಂದಿನ ತಿಂಗಳಿಂದಲೇ ಎಲ್ಲ ಕಂಪ್ಯೂಟರ್‌ಗಳಲ್ಲೂ ಪೆನ್‌ಡ್ರೈವ್ ಬಂದ್ ಮಾಡಿದ್ರಂತೆ. ಯಾರಿಗೂ ಹೇಳಿರಲಿಲ್ಲ.

ಅಂಗಡಿಯಲ್ಲಿ ಆ ಸಂದೇಶ ಬಂದಿದ್ದು ಯಾಕೆ? ಮನೆಯ ಹಳೇ ಲ್ಯಾಪ್‌ಟಾಪ್‌ಗೆ ತಮ್ಮ ಉಬುಂಟು ಹಾಕಿದ್ದ. ಪೆನ್‌ಡ್ರೈವನ್ನೂ ಲಿನಕ್ಸಿನ ಇಎಕ್ಸ್‌ಟಿ4 ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದ್ದ. ವಿಂಡೋಸ್‌ಗೆ ಆ ಭಾಷೆ ಬರಲ್ಲ. ಓದಕ್ಕೆ ಬರದ ಪುಸ್ತಕ ಕಂಡ್ರೆ "ಇದು ಖಾಲಿ, ಅಳಿಸಿ ಬರೀಲಾ?" ಅಂತ ಕೇಳೋ ಜಾತಿ ಅದು.

ಅಂದ್ರೆ ಎರಡೂ ಕಡೆ ಪೆನ್‌ಡ್ರೈವ್ ಚೆನ್ನಾಗೇ ಇತ್ತು. ಒಂದು ಕಂಪ್ಯೂಟರ್‌ಗೆ ಅದನ್ನ ನೋಡಬಾರದು ಅಂತ ಅಪ್ಪಣೆ ಇತ್ತು, ಇನ್ನೊಂದಕ್ಕೆ ಓದಲು ಬರ್ತಿರಲಿಲ್ಲ.

4/6

ನಿಮಗೆ ಹೀಗಾದರೆ ಈ ಕ್ರಮದಲ್ಲಿ ನೋಡಿ. ಸೇವ್ ಮಾಡ್ಕೊಳ್ಳಿ.

ಒಂದು: ಅದೇ ಪೋರ್ಟ್‌ಗೆ ಮೌಸ್ ಹಾಕಿ. ಮೌಸ್ ನಡೆದರೆ ಪೋರ್ಟ್ ಸರಿ ಇದೆ. ನಡೀಲಿಲ್ಲ ಅಂದ್ರೆ ಸಿಪಿಯು ಹಿಂಭಾಗದ ಪೋರ್ಟ್‌ಗೆ ನೇರ ಹಾಕಿ, ಹಬ್ ಅಥವಾ ಉದ್ದದ ವೈರ್ ಬೇಡ.

ಎರಡು: ಪೆನ್‌ಡ್ರೈವನ್ನ ಅದನ್ನ ಕೊನೆಗೆ ಬಳಸಿದ ಕಂಪ್ಯೂಟರ್‌ಗೇ ಹಾಕಿ. ಬೇರೆ ಯಾವುದಕ್ಕೋ ಅಲ್ಲ. ಅಲ್ಲಿ ಫೈಲ್ ಕಂಡರೆ ಮೊದಲು ಕಾಪಿ ಮಾಡಿ, ತನಿಖೆ ಆಮೇಲೆ. ನಾನು ಅಂಗಡಿಗೆ ಹೋಗೋ ಬದಲು ಮನೆ ಲ್ಯಾಪ್‌ಟಾಪ್‌ಗೆ ಹಾಕಿದ್ರೆ ಈ ಸರಣಿಯೇ ಇರ್ತಿರಲಿಲ್ಲ.

ಮೂರು: ಮನೆಯಲ್ಲಿ ಕಾಣುತ್ತೆ, ಆಫೀಸಲ್ಲಿ ಮೌಸ್ ನಡೆಯುತ್ತೆ, ಪೆನ್‌ಡ್ರೈವ್ ಮಾತ್ರ ಕಾಣಲ್ಲ ಅಂದ್ರೆ ಬೀಗ ಇರೋ ಸಾಧ್ಯತೆಯೇ ಹೆಚ್ಚು. ಮೌಸ್, ಕೀಬೋರ್ಡ್ ನಡೆಸೋ ಡ್ರೈವರ್ ಬೇರೆ, ಪೆನ್‌ಡ್ರೈವ್ ನಡೆಸೋದು ಬೇರೆ. ಎರಡನೇದನ್ನ ಮಾತ್ರ ನಿಲ್ಲಿಸಬಹುದು. ನಿಮ್ಮ ಸಿಸ್ಟಮ್‌ನವರನ್ನ ಕೇಳಿ. ರಿಜಿಸ್ಟ್ರಿಯಲ್ಲಿ ಕೈಯಾಡಿಸಿ ಬೀಗ ಒಡೆಯೋ ವಿಡಿಯೋಗಳು ಬೇಕಾದಷ್ಟಿವೆ, ಮಾಡಬೇಡಿ. ಕೆಲಸಕ್ಕೇ ಕುತ್ತು.

ನಾಲ್ಕು: ಬೀಗ ಇಲ್ಲ ಅಂತಾದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ (ಆಫೀಸಲ್ಲಿ ಇದಕ್ಕೆ ಅಡ್ಮಿನ್ ಬೇಕಾಗಬಹುದು). ಡ್ರೈವ್ ಅಲ್ಲಿದ್ದು ಅಕ್ಷರ ಇಲ್ಲದಿದ್ದರೆ ಅಕ್ಷರ ಕೊಟ್ಟರೆ ಸಾಕು. ಆಫೀಸ್‌ಗಳಲ್ಲಿ ನೆಟ್‌ವರ್ಕ್ ಫೋಲ್ಡರ್‌ಗೆ ಅದೇ ಅಕ್ಷರ ಹಿಡಿದಿಟ್ಟು ಪೆನ್‌ಡ್ರೈವ್ ಮರೆಯಾಗೋದೂ ಉಂಟು.

ಐದು: "ಫಾರ್ಮ್ಯಾಟ್ ಮಾಡಿ" ಅಂತ ಬಂದ್ರೆ ಉತ್ತರ ಒಂದೇ, ರದ್ದು. ಯಾರ ಕಂಪ್ಯೂಟರೇ ಆಗ್ಲಿ, ಎಷ್ಟೇ ಅವಸರ ಇರ್ಲಿ.

ಆರು: ಅಪ್ಪಿತಪ್ಪಿ ಫಾರ್ಮ್ಯಾಟ್ ಆದರೆ ಕೂಡಲೇ ತೆಗೆದಿಡಿ. ಕ್ವಿಕ್ ಫಾರ್ಮ್ಯಾಟ್ ಅಳಿಸೋದು ಹೆಚ್ಚಾಗಿ ವಿಳಾಸದ ಪಟ್ಟಿಯನ್ನ, ಮನೆಗಳನ್ನಲ್ಲ. ಮನೆ ಬೀಳೋದು ಅದರ ಮೇಲೆ ಹೊಸದು ಬರೆದಾಗ. ಫೋಟೋರೆಕ್ ಅನ್ನೋ ಉಚಿತ ತಂತ್ರಾಂಶದಿಂದ ಹುಡುಕಬಹುದು, ಸಿಕ್ಕಿದ್ದನ್ನ ಬೇರೆ ಡಿಸ್ಕ್‌ಗೆ ಉಳಿಸಿ.

ನನಗೆ ಹೀಗೇ 31 ಸಿಕ್ಕಿದವು. ಏಳು ಆ ಸಿನಿಮಾದ ಅಡಿಯಲ್ಲಿ ಹೋದವು.

5/6

ಈಗ ನನ್ನ ಅಭಿಪ್ರಾಯ. ಬೈಯ್ಯೋದಿದ್ರೆ ಇಲ್ಲಿ ಬೈಯ್ಯಿರಿ.

ಆಫೀಸ್‌ಗಳು ಪೆನ್‌ಡ್ರೈವ್ ಬಂದ್ ಮಾಡೋದು ತಪ್ಪಲ್ಲ. 2008ರಲ್ಲಿ ಅಮೆರಿಕದ ಸೇನೆ ವೈರಸ್ ಹರಡಿದ್ದಕ್ಕೆ ತನ್ನ ಕಂಪ್ಯೂಟರ್‌ಗಳಲ್ಲಿ ಪೆನ್‌ಡ್ರೈವ್ ನಿಷೇಧಿಸಿತ್ತು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಹರಡಿದ್ದೂ ಇದೇ ದಾರಿಯಲ್ಲಿ. ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ಸಂಶೋಧಕರು 297 ಪೆನ್‌ಡ್ರೈವ್ ಬೇಕಂತಲೇ ಬೀಳಿಸಿ ನೋಡಿದ್ರು. 2016ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಕನಿಷ್ಠ ಶೇಕಡಾ 45ರಷ್ಟನ್ನ ಯಾರೋ ಕಂಪ್ಯೂಟರ್‌ಗೆ ಹಾಕಿ ಫೈಲ್ ತೆರೆದಿದ್ರು. ನಾವಾಗಿದ್ರೂ ತೆರೀತಿದ್ವಿ, ಒಪ್ಕೊಳ್ಳಿ. ನಮ್ಮ ಸಿ-ಡ್ಯಾಕ್ ಕೂಡ ಯುಎಸ್‌ಬಿ ಪ್ರತಿರೋಧ್ ಅನ್ನೋ ತಂತ್ರಾಂಶ ಮಾಡಿದ್ದು ಇದಕ್ಕೇ, ಯಾವ ಪೆನ್‌ಡ್ರೈವ್ ಒಳಗೆ ಬರಬಹುದು ಅಂತ ನಿಯಂತ್ರಿಸೋಕೆ.

ನನ್ನ ತಕರಾರು ಬೀಗದ ಮೇಲಲ್ಲ, ಬೀಗ ಹಾಕಿ ಸುಮ್ಮನಿರೋದರ ಮೇಲೆ.

ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ಬಂದ್ ಆದ್ರೆ ಮೇಲೊಂದು, ಕೆಳಗೊಂದು ಬ್ಯಾರಿಕೇಡ್ ಇಡ್ತಾರೆ. ಬದಲಿ ದಾರಿ ಯಾವುದು ಅಂತ ಹೇಳ್ತಾರೆ. ಯಾರೂ ರಸ್ತೆ ಮುಚ್ಚಿ, ಮಂಜಲ್ಲಿ ಬಂದ ಡ್ರೈವರ್‌ಗೆ "ನಿನ್ನ ಗಾಡಿಯೇ ಕೆಟ್ಟಿದೆ" ಅನಿಸೋ ಹಾಗೆ ಬಿಡಲ್ಲ. ಕಂಪ್ಯೂಟರ್ ವಿಷಯದಲ್ಲಿ ಮಾತ್ರ ಅದನ್ನೇ ಮಾಡ್ತೀವಿ.

ನಾನು ಕೇಳೋದು ಮೂರು. ಬಂದ್ ಮಾಡಿದ್ದೀವಿ ಅಂತ ಪರದೆ ಮೇಲೆ ಕನ್ನಡದಲ್ಲಿ ಒಂದು ಸಾಲು, ಅದಾಗದಿದ್ರೆ ಮಾನಿಟರ್‌ಗೆ ಅಂಟಿಸಿದ ಒಂದು ಚೀಟಿಯಾದ್ರೂ. ಯಾರನ್ನ ಕೇಳಬೇಕು ಅಂತ ಒಂದು ಹೆಸರು. ಮತ್ತೆ ಬದಲಿ ದಾರಿ: ನೆಟ್‌ವರ್ಕ್‌ಗೆ ಸೇರದ, ವೈರಸ್ ಪರೀಕ್ಷೆ ಮಾಡೋ ಒಂದು ಕಂಪ್ಯೂಟರ್ ಮೂಲೆಯಲ್ಲಿದ್ರೂ ಸಾಕು.

ಇದು ನನ್ನಂಥ ಕೆಲಸದವನಿಗೆ ಮಾತ್ರ ಅಲ್ಲ. ಎಲೆಚುಕ್ಕಿ ರೋಗ ಬಂದ ಅಡಿಕೆ ತೋಟದ ಫೋಟೋ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಬಸ್ಸಲ್ಲಿ ಬರೋ ರೈತರನ್ನ ಯೋಚಿಸಿ. "ನಿಮ್ದು ಓಪನ್ ಆಗ್ತಿಲ್ಲ, ನಾಳೆ ಬನ್ನಿ" ಅಂದ್ರೆ ಅವರ ಒಂದು ದಿನ ಹೋಯ್ತು. ಮೇಲೆ ತಪ್ಪು ತಮ್ಮದೇ ಅಂತ ತಲೆ ತಗ್ಗಿಸಿ ವಾಪಸ್ ಬಸ್ ಹತ್ತುತ್ತಾರೆ. ಬೀಗ ಹಾಕಿದವರಿಗೆ ಏನೂ ನಷ್ಟ ಇಲ್ಲ, ಅದಕ್ಕೇ ಯಾರೂ ಸರಿ ಮಾಡಲ್ಲ.

6/6

ನಮ್ಮ ಪಾಲಿನ ಕೆಲಸವೂ ಇದೆ.

ಮನೆದಕ್ಕೊಂದು, ಕೆಲಸಕ್ಕೊಂದು, ಬೇರೆ ಬೇರೆ ಪೆನ್‌ಡ್ರೈವ್ ಇಡಿ. ಬೇರೆಯವರ ಕಂಪ್ಯೂಟರ್‌ಗೆ ಹೋಗೋದನ್ನ ಎಕ್ಸ್‌ಫ್ಯಾಟ್ ಪದ್ಧತಿಯಲ್ಲಿ ಇಟ್ರೆ ವಿಂಡೋಸ್, ಮ್ಯಾಕ್, ಈಗಿನ ಲಿನಕ್ಸ್ ಮೂರೂ ಓದುತ್ತೆ. ತೆಗೆಯೋ ಮುಂಚೆ "ಇಜೆಕ್ಟ್" ಒತ್ತಿ.

ಮಳೆಗಾಲದಲ್ಲಿ ಬೆಂಕಿಪೊಟ್ಟಣ ಒಲೆ ಹತ್ತಿರ ಇಡೋ ಹಾಗೆ ಪೆನ್‌ಡ್ರೈವನ್ನೂ ಇಡಬೇಡಿ. ಬಿಸಿಗೆ ಫ್ಲ್ಯಾಶ್ ಚಿಪ್ಪಿನ ಚಾರ್ಜ್ ಬೇಗ ಸೋರುತ್ತೆ, ಆ ಚಾರ್ಜೇ ನಿಮ್ಮ ಫೈಲು. ಗಟ್ಟಿ ಮುಚ್ಚಳದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಅದರಲ್ಲಿಡಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಸಿಗತ್ತಲ್ಲ, ಅದೇ.

ಮುಖ್ಯವಾದದ್ದು: ಪೆನ್‌ಡ್ರೈವ್ ಚೀಲ, ಪೆಟ್ಟಿಗೆ ಅಲ್ಲ. ಸಾಗಿಸೋಕೆ ಚೆನ್ನ, ಕಾಪಾಡೋಕೆ ಅಲ್ಲ. ಒಂದೇ ಕಡೆ ಇರೋ ಫೈಲನ್ನ ಇಲ್ಲ ಅಂತಲೇ ಲೆಕ್ಕ ಹಾಕಿ.

ಸಿಕ್ಕಿದ 31 ರೆಕಾರ್ಡಿಂಗ್‌ಗಳಿಗೆ ಹೆಸರೆಲ್ಲ ಹೋಗಿ ಬರೀ ನಂಬರ್ ಉಳಿದಿವೆ. ದಿನಾ ರಾತ್ರಿ ಒಂದೊಂದು ಕೇಳಿ ಹೆಸರು ಕೊಡ್ತಿದ್ದೀನಿ. ಹೋದ ಏಳರಲ್ಲಿ ಹೊಳೆಯಾಚೆಯ ಗದ್ದೆಗಳ ಹೆಸರಿದ್ದವು. ಅವು ಗೊತ್ತಿದ್ದ ಇನ್ನೊಬ್ಬರು ಊರಲ್ಲಿ ಈಗಿಲ್ಲ. ನೆಲ ಒಂದು ಸಲ ಮುಳುಗಿತ್ತು, ಹೆಸರು ನನ್ನ ಕೈಯಲ್ಲಿ ಮುಳುಗಿತು.

ನಿಮ್ಮ ಮನೆಯಲ್ಲೂ ಒಂದೇ ಕಾಪಿ ಇರೋ ಯಾವುದೋ ದನಿ, ಯಾವುದೋ ಫೋಟೋ ಇದ್ದೇ ಇರುತ್ತೆ. ಇವತ್ತು ಮಲಗೋ ಮುಂಚೆ ಇನ್ನೊಂದು ಕಡೆ ಕಾಪಿ ಮಾಡಿ. ಮಾಡಿದ ಮೇಲೆ ಕಾಮೆಂಟಲ್ಲಿ "ಆಯ್ತು" ಅಂತ ಬರೀರಿ, ಏನು ಅಂತ ಹೇಳೋದು ಬೇಡ. ನಿಮ್ಮ ಆಫೀಸಲ್ಲಿ ಸಿಸ್ಟಮ್ ನೋಡಿಕೊಳ್ಳೋರು ಇದ್ರೆ 5ನೇ ಭಾಗ ಅವರಿಗೆ ಕಳಿಸಿ.

#ಹುಲಿಕಲ್ #ಹೊಸನಗರ #ಮಲೆನಾಡು #ಪೆನ್‌ಡ್ರೈವ್ #ಕನ್ನಡದಲ್ಲಿ_ಟೆಕ್